ಹೋಬಳಿಗೊಬ್ಬ ವ್ಯಾಯಾಮ ಗುರು

ಅರಸೀಕೆರೆ ತಾಲ್ಲೂಕಿನ ಜಾವಗಲ್‌ನಂಥ ಒಂದು ಹೋಬಳಿ ಕೇಂದ್ರದಲ್ಲಿ, ಜನರಿಗೆ ವ್ಯಾಯಾಮ ಕಲಿಸುವುದನ್ನೇ ಕಸುಬು ಮಾಡಿಕೊಂಡು ಒಬ್ಬ ತರುಣನೋ ತರುಣಿಯೋ ಬದುಕಬಹುದೇ? ಇವತ್ತು ಈ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಬೆಂಗಳೂರಿನಲ್ಲಾದರೆ ಯಾರೂ ಹೀಗೆ ಕೇಳುವುದಿಲ್ಲ. ಅಲ್ಲಿ ಪರ್ಸನಲ್ ಟ್ರೇನರ್ ಅಂದರೆ ಎಲ್ಲರಿಗೂ ಗೊತ್ತಿರುವ ಕೆಲಸ. ನಮ್ಮ ಕಡೆ ಬಿ.ಪಿ.ಎಡ್. ಮುಗಿಸಿದವರು ಪಿ.ಟಿ. ಮೇಷ್ಟ್ರ ಹುದ್ದೆಗೆ ಅರ್ಜಿ ಹಾಕಿ ಕಾಯುತ್ತಾರೆ, ಕಾದು ಸಾಕಾದ ಮೇಲೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಊರಲ್ಲೇ ಉಳಿಯುತ್ತೇನೆ ಎಂದವನು ಸಾಲ ತಂದು, ಗೋಡೆ ತುಂಬ ಕನ್ನಡಿ ಹಾಕಿಸಿ, ನಾಲ್ಕಾರು ಯಂತ್ರ ಇಟ್ಟು ಜಿಮ್ ತೆರೆಯುತ್ತಾನೆ. ಮೊದಲ ಆರು ತಿಂಗಳು ಹುಡುಗರು ಬರುತ್ತಾರೆ, ಪರೀಕ್ಷೆ ಬಂದಾಗಲೋ ಕೆಲಸ ಸಿಕ್ಕಾಗಲೋ ಬಿಟ್ಟು ಹೋಗುತ್ತಾರೆ. ಹೀಗಾಗಿ ಇದು ಹಳ್ಳಿಗೆ ಒಗ್ಗದ ಕಸುಬು ಎಂಬ ತೀರ್ಮಾನಕ್ಕೆ ಜನ ಬಂದುಬಿಟ್ಟಿದ್ದಾರೆ. ಈ ತೀರ್ಮಾನ ತಪ್ಪು ಎಂಬುದು ನನ್ನ ವಾದ. ಒಗ್ಗದೇ ಇರುವುದು ಕಸುಬಲ್ಲ, ಗಿರಾಕಿಯ ಆಯ್ಕೆ. ಇಪ್ಪತ್ತರ ಹುಡುಗರ ತೋಳು ದಪ್ಪ ಮಾಡುವುದನ್ನು ನಂಬಿದರೆ ಜಾವಗಲ್‌ನಲ್ಲಿ ಟ್ರೇನರ್ ನಿಲ್ಲಲಾರ. ನಲವತ್ತು ದಾಟಿದವರ ಎದೆ, ಸೊಂಟ, ಮಂಡಿ ಕಾಯುವುದನ್ನು ನಂಬಿದರೆ ನಿಲ್ಲುತ್ತಾನೆ. ಊರಿಗೂ ಅವನು ಬೇಕಾಗುತ್ತಾನೆ.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಆಧಾರವಿದೆ. 2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ದಿನ ಬಿಟ್ಟು ದಿನ ಹಠಾತ್ ಸಾವಿನ ಸುದ್ದಿ ಬರುತ್ತಿದ್ದದ್ದು ನಿಮಗೆ ನೆನಪಿರಬಹುದು. ಹೃದಯಾಘಾತ ಎಂಬ ಮಾತು ಕೇಳಿದರೇ ಜನ ಬೆಚ್ಚುವಂತಾಗಿತ್ತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತಿತು. ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಪಟ್ಟವೇ ಆಗಿರಲಿಲ್ಲ. ಜಿಲ್ಲೆಯಲ್ಲಿ ಹೃದಯಾಘಾತ ದಿಢೀರನೆ ಏರಿದೆ ಎನ್ನಲು ಆಧಾರ ಸಿಗಲಿಲ್ಲ. ಇದನ್ನು ಓದಿ ಹಲವರು ಸದ್ಯ ಏನೂ ಇಲ್ಲವಂತೆ ಎಂದು ನಿಟ್ಟುಸಿರಿಟ್ಟರು. ನಾನು ಆ ವರದಿಯನ್ನು ಹಾಗೆ ಓದುವುದಿಲ್ಲ. ಹೊಸದಾಗಿ ಏನೂ ಆಗಿಲ್ಲ ಎಂದರೆ ಪ್ರತಿ ವರ್ಷವೂ ಇಷ್ಟೇ ಮಂದಿಯನ್ನು ನಾವು ಸದ್ದಿಲ್ಲದೆ ಕಳೆದುಕೊಳ್ಳುತ್ತಿದ್ದೇವೆ ಎಂದರ್ಥ. ಸತ್ತವರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆ, ಬಿ.ಪಿ., ಬೊಜ್ಜು, ಬೀಡಿ ಸಿಗರೇಟು, ಕುಡಿತ, ಈ ಹಳೆಯ ಕಾರಣಗಳೇ ಇದ್ದವು. ಇನ್ನೊಂದು ಸಂಗತಿ ಪತ್ರಿಕೆಗಳಲ್ಲಿ ಬಂದು ಮರೆಯಾಗಿ ಹೋಯಿತು: ಸತ್ತವರಲ್ಲಿ ಆಟೋ, ಕಾರು ಓಡಿಸುವ ಚಾಲಕರ ಸಂಖ್ಯೆ ಗಮನಿಸಲೇಬೇಕಾದಷ್ಟು ಹೆಚ್ಚಿತ್ತು.

ಚಾಲಕರು ಎಂದೊಡನೆ ವೈದ್ಯಲೋಕಕ್ಕೆ ಒಂದು ಹಳೆಯ ಅಧ್ಯಯನ ನೆನಪಾಗುತ್ತದೆ. 1953ರಲ್ಲಿ ಜೆರೆಮಿ ಮೋರಿಸ್ ಎಂಬ ವೈದ್ಯ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರ ಬಗ್ಗೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ. ಒಂದೇ ಬಸ್ಸು, ಒಂದೇ ರಸ್ತೆ, ಹೆಚ್ಚುಕಡಿಮೆ ಒಂದೇ ಸಂಬಳ. ಡ್ರೈವರ್ ದಿನವೆಲ್ಲ ಕೂತಿರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡುತ್ತ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಕೂತವರಲ್ಲಿ ಹೃದಯಾಘಾತ ಹೆಚ್ಚು, ಅದರಿಂದ ತಕ್ಷಣ ಸಾಯುವುದು ಇನ್ನೂ ಹೆಚ್ಚು ಎಂದು ಆ ಲೆಕ್ಕ ತೋರಿಸಿತು. ದೇಹದ ಚಲನೆಗೂ ಹೃದಯಕ್ಕೂ ಇರುವ ನಂಟನ್ನು ಅಂಕಿ ಸಂಖ್ಯೆಯ ಮೂಲಕ ತೋರಿಸಿದ ಮೊದಲ ದೊಡ್ಡ ಅಧ್ಯಯನಗಳಲ್ಲಿ ಇದೂ ಒಂದು. ಇದಕ್ಕೆ ಆಕ್ಷೇಪ ಬರಲಿಲ್ಲ ಎಂದಲ್ಲ. ಡ್ರೈವರ್‌ಗಳು ಕೆಲಸಕ್ಕೆ ಸೇರುವಾಗಲೇ ದಪ್ಪಗಿದ್ದಿರಬಹುದಲ್ಲ ಎಂಬ ಅನುಮಾನ ಬಂತು. ಮೋರಿಸ್ ಅವರ ತಂಡವೇ ಸಮವಸ್ತ್ರ ಹೊಲಿಯಲು ತೆಗೆದುಕೊಂಡಿದ್ದ ಸೊಂಟದ ಅಳತೆಗಳನ್ನು ಹುಡುಕಿ ತೆಗೆದು ನೋಡಿತು. ಡ್ರೈವರ್‌ಗಳ ಸೊಂಟ ನಿಜಕ್ಕೂ ದೊಡ್ಡದಿತ್ತು. ಆದರೆ ದಪ್ಪಗಿನ ಕಂಡಕ್ಟರ್‌ಗಳಿಗೂ ಮೆಟ್ಟಿಲು ಕಾವಲಾಗಿಯೇ ಇತ್ತು. ತಮ್ಮ ವಾದಕ್ಕೆ ತೊಡಕಾಗಬಲ್ಲ ಸಾಕ್ಷ್ಯವನ್ನು ತಾವೇ ಹುಡುಕಿ ಮುಂದಿಟ್ಟ ಆ ಪ್ರಾಮಾಣಿಕತೆ ನನಗೆ ತುಂಬ ಹಿಡಿಸುತ್ತದೆ. ಅಲ್ಲಿಂದೀಚೆಗೆ ಎಪ್ಪತ್ತು ವರ್ಷಗಳಲ್ಲಿ ಬಂದ ಅಧ್ಯಯನಗಳು ಮೂಲ ಮಾತನ್ನು ಗಟ್ಟಿ ಮಾಡಿವೆಯೇ ಹೊರತು ಸಡಿಲಿಸಿಲ್ಲ. ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು ನಡುವೆ ಬೆಳಗಿನಿಂದ ರಾತ್ರಿವರೆಗೆ ಸ್ಟಿಯರಿಂಗ್ ಹಿಡಿದು ಕೂತ ನಮ್ಮವರು ಈ ಕಥೆಯಲ್ಲಿ ಯಾವ ಕಡೆ ಇದ್ದಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಡ್ರೈವರ್ ವಿಷಯ ಸರಿ. ತೋಟದಲ್ಲಿ ದುಡಿಯುವವನಿಗೆ, ಮನೆಗೆಲಸದಲ್ಲಿ ಸವೆಯುವವಳಿಗೆ ವ್ಯಾಯಾಮ ಯಾಕೆ ಎಂಬ ಪ್ರಶ್ನೆ ಅದು. ಹಳ್ಳಿಯಲ್ಲಿ ಹುಟ್ಟಿದ ಯಾರಿಗೂ ಸಹಜವಾಗಿ ಬರುವ ಪ್ರಶ್ನೆ, ಗೌರವದಿಂದಲೇ ಉತ್ತರಿಸಬೇಕು. ಒಂದನೆಯದಾಗಿ, ಕೆಲಸ ಮೊದಲಿನ ಹಾಗಿಲ್ಲ. ಉಳುಮೆಗೆ ಟ್ರ್ಯಾಕ್ಟರ್, ಕಳೆಗೆ ಔಷಧಿ, ತೋಟಕ್ಕೆ ಡ್ರಿಪ್, ಹಾಲಿನ ಡೈರಿಗೂ ಬೈಕು. ಒಂದು ತಲೆಮಾರಿನೊಳಗೆ ನಡಿಗೆ ನಮ್ಮ ಬದುಕಿನಿಂದ ಹೊರಟುಹೋಗಿದೆ, ಊಟದ ಅಳತೆ ಮಾತ್ರ ಹಳೆಯದೇ ಉಳಿದಿದೆ. 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ಸಾಕಷ್ಟು ಚಟುವಟಿಕೆಯಿಂದ ಇರಲಿಲ್ಲ, ಹೆಂಗಸರಲ್ಲಿ ಅದು ನೂರಕ್ಕೆ 57 ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ. ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಎರಡನೆಯದು ಇನ್ನೂ ಮುಖ್ಯ. ದುಡಿಮೆ ದೇಹವನ್ನು ಬಳಸಿಕೊಳ್ಳುತ್ತದೆ, ಬೆಳೆಸುವುದಿಲ್ಲ. ತೆಂಗಿನಕಾಯಿ ಸುಲಿಯುವವನ ಸೊಂಟ ದಿನವೂ ಒಂದೇ ಕಡೆಗೆ ಬಾಗುತ್ತದೆ, ಕೊಬ್ಬರಿ ಮೂಟೆ ಹೊರುವವನ ಭಾರ ಒಂದೇ ಹೆಗಲ ಮೇಲೆ ಬೀಳುತ್ತದೆ, ಕಳೆ ಕೀಳುವವಳ ಮಂಡಿ ಗಂಟೆಗಟ್ಟಲೆ ಮಡಿಚಿಕೊಂಡೇ ಇರುತ್ತದೆ. ನೋವು ಬಂದರೂ ಅಲ್ಲಿ ಬಿಡುವಿಲ್ಲ. ವ್ಯಾಯಾಮದಲ್ಲಿ ಭಾರವನ್ನು ಅಳೆದು ಏರಿಸುತ್ತಾರೆ, ಎರಡೂ ಕಡೆ ಸಮನಾಗಿ ಹಂಚುತ್ತಾರೆ, ಒಂದು ದಿನ ಕೆಲಸ ಕೊಟ್ಟ ಅಂಗಕ್ಕೆ ಮರುದಿನ ವಿಶ್ರಾಂತಿ ಕೊಡುತ್ತಾರೆ. ದುಡಿಯುವವನಿಗೆ ಇಂಥ ವ್ಯಾಯಾಮ ಬೇಕಾಗಿರುವುದು ಅವನ ದುಡಿಮೆ ಇನ್ನೂ ಹತ್ತು ವರ್ಷ ನಡೆಯಲಿ ಎಂಬ ಕಾರಣಕ್ಕೆ.

ವಯಸ್ಸಾದ ಮೇಲೆ ಇದೆಲ್ಲ ಮಾಡಿ ಏನು ಪ್ರಯೋಜನ ಎನ್ನುವವರಿದ್ದಾರೆ. ಅವರು ಅಮೆರಿಕದ ಬಾಸ್ಟನ್ನಿನಲ್ಲಿ ನಡೆದು 1990ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಗಮನಿಸಬೇಕು. ವೃದ್ಧಾಶ್ರಮದಲ್ಲಿದ್ದ, 86ರಿಂದ 96 ವಯಸ್ಸಿನ ಹತ್ತು ಮಂದಿ ಬಡಕಲು ಮುದುಕ ಮುದುಕಿಯರಿಗೆ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕಾಲಿನ ಬಲ ಸರಾಸರಿ ಶೇ. 174ರಷ್ಟು ಏರಿತು. ತೊಂಬತ್ತರ ಸ್ನಾಯು ಕೂಡ ಕೇಳಿದ ಕೆಲಸಕ್ಕೆ ಓಗೊಡುತ್ತದೆ ಎಂದಾದರೆ, ಐವತ್ತೈದಕ್ಕೇ ಇನ್ನೇನಿದೆ ಎಂದು ಜಗಲಿ ಹಿಡಿಯುವುದಕ್ಕೆ ನ್ಯಾಯವಿಲ್ಲ. ನಮ್ಮ ಪಕ್ಕದ ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಊಟದ ಹಿಡಿತ ಮತ್ತು ನಿತ್ಯದ ನಡಿಗೆ ಕಾಯಿಲೆ ಬರುವ ಸಂಭವವನ್ನು ಶೇ. 28ಕ್ಕೂ ಹೆಚ್ಚು ತಗ್ಗಿಸಿತು. ಮೆಟ್‌ಫಾರ್ಮಿನ್ ಮಾತ್ರೆ ತಗ್ಗಿಸಿದ್ದು ಶೇ. 26ರಷ್ಟು. ಮಾತ್ರೆ ಕೊಡಲು ವೈದ್ಯರಿದ್ದಾರೆ, ಔಷಧಿ ಅಂಗಡಿ ಇದೆ. ನಡೆಸಲು, ಬಿಡದೆ ನಡೆಯುವಂತೆ ನೋಡಿಕೊಳ್ಳಲು ಯಾರಿದ್ದಾರೆ? ವೈದ್ಯರು ದಿನಾ ಅರ್ಧ ಗಂಟೆ ನಡೀರಿ ಎಂದು ಚೀಟಿಯ ಕೊನೆಯಲ್ಲಿ ಹೇಳುತ್ತಾರೆ. ಮಂಡಿನೋವಿರುವವರು ಹೇಗೆ ನಡೆಯಬೇಕು, ಬಿ.ಪಿ. ಇರುವವರು ಎಷ್ಟು ಭಾರ ಎತ್ತಬಹುದು ಎಂದು ಕೂತು ವಿವರಿಸಲು ಅವರಿಗೆ ಸಮಯವಿಲ್ಲ. ಆ ಖಾಲಿ ಜಾಗವೇ ಈ ಕಸುಬಿನ ಜಾಗ.

ಈಗ ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪಕ್ಕೆ ಬರುತ್ತೇನೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ನಮ್ಮನ್ನು ಅಗಲಿದರು. ಅಷ್ಟು ಕಟ್ಟುಮಸ್ತಾದ ಮನುಷ್ಯ, ಅದೂ ಬೆಳಗಿನ ವ್ಯಾಯಾಮದ ಬೆನ್ನಿಗೇ ಹೋದದ್ದನ್ನು ಕಂಡು, ಜಿಮ್ಮೇ ಯಮ ಎಂಬ ಭಯ ಕನ್ನಡಿಗರ ಮನೆಮನೆಯಲ್ಲಿ ಕೂತಿತು. ಆ ದುಃಖವನ್ನು ನಾನು ವಾದದ ಸಾಮಗ್ರಿ ಮಾಡಿಕೊಳ್ಳುವುದಿಲ್ಲ. ಭಯಕ್ಕೆ ಮಾತ್ರ ಉತ್ತರ ಕೊಡಬೇಕು. ಹೃದಯಾಘಾತವಾದ ಸಾವಿರಕ್ಕೂ ಹೆಚ್ಚು ಅಮೆರಿಕನ್ನರನ್ನು ವಿಚಾರಿಸಿ ಮಾಡಿದ ಒಂದು ಅಧ್ಯಯನ 1993ರಲ್ಲಿ ಹೀಗೆ ಹೇಳಿತು: ತೀವ್ರ ಶ್ರಮದ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ ಏರುವುದು ನಿಜ. ಆದರೆ ಅಂಥ ಶ್ರಮ ಅಪರೂಪವಾದವರಲ್ಲಿ ಅದು ನೂರು ಪಟ್ಟಿಗೂ ಮೀರಿ ಏರಿದರೆ, ವಾರಕ್ಕೆ ಐದು ಬಾರಿ ಅಥವಾ ಹೆಚ್ಚು ಅಭ್ಯಾಸ ಮಾಡುವವರಲ್ಲಿ ಏರುವುದು ಎರಡೂವರೆ ಪಟ್ಟಿನಷ್ಟು ಮಾತ್ರ. ಅಪಾಯ ಇರುವುದು ವ್ಯಾಯಾಮದಲ್ಲಲ್ಲ, ವರ್ಷಗಟ್ಟಲೆ ಸುಮ್ಮನಿದ್ದು ಒಂದು ದಿನ ಹಠಾತ್ತಾಗಿ ಮೈ ಮುರಿಯುವುದರಲ್ಲಿ. ಹಬ್ಬದ ಹಿಂದಿನ ದಿನ ಮೂಟೆ ಎತ್ತುವುದಕ್ಕೂ, ಜಿಮ್ ಸೇರಿದ ಮೊದಲ ದಿನ ಗೆಳೆಯನ ಸವಾಲಿಗೆ ಭಾರ ಎತ್ತುವುದಕ್ಕೂ ಹೃದಯದ ಮಟ್ಟಿಗೆ ವ್ಯತ್ಯಾಸವಿಲ್ಲ. ಆದ್ದರಿಂದ ಟ್ರೇನರ್ ಆಗುವವನು ಕಲಿಯಬೇಕಾದ ಮೊದಲ ಪಾಠ ಭಾರ ಎತ್ತಿಸುವುದಲ್ಲ, ಯಾರಿಗೆ ಎತ್ತಿಸಬಾರದು ಎಂದು ತಿಳಿಯುವುದು. ಹೊಸಬರು ಬಂದರೆ ಮೊದಲು ಕೂರಿಸಿ ಕೇಳಬೇಕು: ಎದೆನೋವು ಬಂದದ್ದುಂಟೇ, ತಲೆಸುತ್ತಿ ಬಿದ್ದದ್ದುಂಟೇ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದಿಂದ ತೀರಿಕೊಂಡವರಿದ್ದಾರೆಯೇ, ಯಾವ ಮಾತ್ರೆ ತಗೊಳ್ತೀರಿ. ಪಾರ್-ಕ್ಯೂ ಎಂಬ ಏಳು ಪ್ರಶ್ನೆಗಳ ಪಟ್ಟಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ, ಕನ್ನಡದಲ್ಲಿ ಒಂದು ಹಾಳೆಗೆ ಬರುವಂಥದ್ದು. ಬಿ.ಪಿ. ನೋಡಬೇಕು. ಒಂದು ಉತ್ತರ ಅನುಮಾನ ತಂದರೂ ಇಸಿಜಿ ಮಾಡಿಸಿಕೊಂಡು, ಡಾಕ್ಟರನ್ನು ಕಂಡು ಬನ್ನಿ ಎಂದು ಕಳಿಸಬೇಕು, ಆ ತಿಂಗಳ ಶುಲ್ಕ ಕೈತಪ್ಪಿದರೂ ಸರಿಯೆ. ಬಿ.ಪಿ. ಇರುವವರು ಉಸಿರು ಬಿಗಿಹಿಡಿದು ಭಾರ ಎತ್ತದಂತೆ ನೋಡಿಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬಂದಿದ್ದಾರೆಯೇ ಎಂದು ಕೇಳಬೇಕು, ಕೈಗೆಟುಕುವಲ್ಲಿ ಸಕ್ಕರೆ ಇಟ್ಟಿರಬೇಕು, ಅವರ ಪಾದದಲ್ಲಿ ಗಾಯವಿದೆಯೇ ಎಂದು ನೋಡಬೇಕು.

ಇದರ ಜೊತೆಗೇ ಸಿ.ಪಿ.ಆರ್. ಬರಲೇಬೇಕು. ಕುಸಿದು ಬಿದ್ದವರು ಉಸಿರಾಡುತ್ತಿಲ್ಲವಾದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಐದು ಸೆಂಟಿಮೀಟರಿನಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಲೇ ಇರುವ ಕೌಶಲ ಅದು. ಪುನೀತ್ ಅವರ ಹೆಸರಿನಲ್ಲೇ ಸರ್ಕಾರ ನಡೆಸುತ್ತಿರುವ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಎದೆ ಹಿಡಿದುಕೊಂಡವರನ್ನು ಗ್ಯಾಸ್ ಇರಬೇಕು ಎಂದು ಸೋಡಾ ಕುಡಿಸಿ ಕೂರಿಸದೆ ಅರಸೀಕೆರೆಗೋ ಬೇಲೂರಿಗೋ ತಡಮಾಡದೆ ಸಾಗಿಸುವ ತಿಳಿವಳಿಕೆ ಊರಲ್ಲಿ ಒಬ್ಬರಿಗಾದರೂ ಇರಬೇಕಲ್ಲವೇ? ಅದು ವ್ಯಾಯಾಮ ಕಲಿಸುವವರಿಗೇ ಇದ್ದರೆ ಅವರ ಬೆಲೆ ಊರಿಗೆ ತಾನಾಗಿಯೇ ತಿಳಿಯುತ್ತದೆ.

ಇಷ್ಟೆಲ್ಲ ಎಲ್ಲಿ ಕಲಿಯುವುದು? ಒಳ್ಳೆಯ ಮೈಕಟ್ಟು ಇದ್ದರೆ ಟ್ರೇನರ್ ಆಗಬಹುದು ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ತನ್ನ ಮೈ ಬೆಳೆಸಿಕೊಂಡವನಿಗೆ ಗೊತ್ತಿರುವುದು ಒಂದೇ ಮೈ. ಬಿ.ಪಿ.ಎಡ್. ಓದಿದವರಿಗೆ ಶರೀರರಚನೆಯ ಬುನಾದಿ ಇರುತ್ತದೆ. ಓದದವರಿಗೆ ಕೇಂದ್ರದ ಕೌಶಲ ಚೌಕಟ್ಟಿನೊಳಗೆ ಕ್ರೀಡೆ ಮತ್ತು ಫಿಟ್‌ನೆಸ್‌ಗೆಂದೇ ಇರುವ ಕೌಶಲ ಮಂಡಳಿಯ ಫಿಟ್‌ನೆಸ್ ಟ್ರೇನರ್ ಪ್ರಮಾಣಪತ್ರವಿದೆ. ಮುಂಬೈ, ಬೆಂಗಳೂರಿನ ಖಾಸಗಿ ಸಂಸ್ಥೆಗಳು ದುಬಾರಿ. ಹಣ ಕೂಡಿದ ಮೇಲೆ ನೋಡಿದರಾಯಿತು. ವಾರಾಂತ್ಯದಲ್ಲಿ ಮುಗಿಯುವ, ಪರೀಕ್ಷೆಯೇ ಇಲ್ಲದ ಕೋರ್ಸುಗಳಿಗೆ ದುಡ್ಡು ಹಾಕಬೇಡಿ. ಪ್ರಮಾಣಪತ್ರದ ನಂತರ ಆರು ತಿಂಗಳಾದರೂ ಹಾಸನದಲ್ಲಿ ಒಬ್ಬ ಅನುಭವಿ ಟ್ರೇನರ್ ಅಥವಾ ಫಿಸಿಯೋಥೆರಪಿಸ್ಟ್ ಕೈಕೆಳಗೆ ಕೆಲಸ ಮಾಡಿದರೆ, ಮಂಡಿ ಸವೆದವರನ್ನು ಹೇಗೆ ಕುರ್ಚಿಯಿಂದ ಏಳಿಸಿ ಕೂರಿಸಬೇಕು ಎಂಬುದು ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಈ ಕಸುಬಿಗೆ ನಮ್ಮಲ್ಲಿ ಪರಂಪರೆ ಇಲ್ಲ ಎನ್ನುವವರು ಕೆ.ವಿ. ಅಯ್ಯರ್ ಅವರನ್ನು ಮರೆತಿದ್ದಾರೆ. ಹೊಯ್ಸಳ ರಾಣಿಯನ್ನು ಕುರಿತ ‘ಶಾಂತಲಾ’ ಕಾದಂಬರಿ ಬರೆದವರೆಂದು ಬೇಲೂರು, ಹಳೇಬೀಡಿನವರಿಗೆ ಅವರ ಹೆಸರು ಪರಿಚಿತ. ಅವರ ಜೀವನೋಪಾಯ ಮಾತ್ರ ವ್ಯಾಯಾಮಶಾಲೆ. ಗರಡಿಮನೆಯ ಮಟ್ಟಿ, ಗದೆ, ದಂಡ, ಬಸ್ಕಿಗಳ ಕಾಲದಲ್ಲಿ, 1920ರ ದಶಕದಿಂದ, ಅವರು ಬೆಂಗಳೂರಿನಲ್ಲಿ ವ್ಯಾಯಾಮವನ್ನು ಆಧುನಿಕ ಕಸುಬಾಗಿ ಕಟ್ಟಿದರು. ಬಾರ್‌ಬೆಲ್ಲನ್ನೂ ಹಠಯೋಗವನ್ನೂ ಜೊತೆಗಿಟ್ಟರು, 1937ರಲ್ಲಿ ಸೂರ್ಯನಮಸ್ಕಾರದ ಬಗ್ಗೆ ಪುಸ್ತಕ ಬರೆದರು, ದೂರದವರಿಗೆ ಅಂಚೆಯ ಮೂಲಕವೂ ಪಾಠ ಕಳಿಸಿದರು. ದೇಹ ಬೆಳೆಸಿದವರು ಓದು ಬರಹದವರಲ್ಲ ಎಂಬ ತಾತ್ಸಾರಕ್ಕೆ ಅವರ ಬದುಕೇ ಉತ್ತರ. ಇನ್ನು ಜಾವಗಲ್ ಎಂಬ ಹೆಸರನ್ನು ಜಗತ್ತಿನ ಮೈದಾನಗಳಿಗೆ ಒಯ್ದ ಕ್ರಿಕೆಟಿಗ ಶ್ರೀನಾಥ್ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅದಾದ ಮೇಲೆ 2003ರ ವಿಶ್ವಕಪ್ ಫೈನಲ್‌ವರೆಗೂ ಬೌಲ್ ಮಾಡಿದರು. ಗಾಯಗೊಂಡ ದೇಹವನ್ನು ಕ್ರಮವರಿತ ಅಭ್ಯಾಸದಿಂದ ಮತ್ತೆ ಕೆಲಸಕ್ಕೆ ತರಬಹುದು ಎಂಬುದಕ್ಕೆ ಊರಿನವರು ದೂರದ ಉದಾಹರಣೆ ಹುಡುಕಬೇಕಾಗಿಲ್ಲ.

ದುಡ್ಡಿನ ಮಾತಿಲ್ಲದೆ ಕಸುಬಿನ ಮಾತು ಪೂರ್ತಿಯಾಗದು. ಅಂದಾಜಿಗೆ ಒಂದು ಲೆಕ್ಕ ಹಾಕೋಣ. ಬೆಳಗ್ಗೆ ಎರಡು ತಂಡ, ಸಂಜೆ ಎರಡು ತಂಡ, ತಂಡಕ್ಕೆ ಹತ್ತು ಮಂದಿ, ತಲೆಗೆ ತಿಂಗಳಿಗೆ 500 ರೂಪಾಯಿ ಎಂದಿಟ್ಟುಕೊಂಡರೆ 20,000 ರೂಪಾಯಿ ಆಯಿತು. ಮೊಣಕಾಲು ಶಸ್ತ್ರಚಿಕಿತ್ಸೆಯಾಗಿ ಡಾಕ್ಟರು ವ್ಯಾಯಾಮಕ್ಕೆ ಒಪ್ಪಿಗೆ ಕೊಟ್ಟವರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡವರು, ಇಂಥ ಮೂರು ನಾಲ್ಕು ಮನೆಗೆ ಹೋಗಿ ಕಲಿಸಿದರೆ ಇನ್ನಷ್ಟು ಸೇರುತ್ತದೆ. ಬೆಂಗಳೂರಿನ ಸಂಬಳಕ್ಕೆ ಇದು ಸಮವಲ್ಲ. ಬೆಂಗಳೂರಿನ ಬಾಡಿಗೆಯೂ ಇಲ್ಲಿಲ್ಲ. ಕಷ್ಟ ಇರುವುದು ಬೇರೆ ಕಡೆ. ಇಲ್ಲಿಯ ಜನರ ಕೈಯಲ್ಲಿ ಹಣ ಆಡುವುದು ಕೊಬ್ಬರಿ ಧಾರಣೆ ನೋಡಿಕೊಂಡು. ಧಾರಣೆ ಬಿದ್ದ ತಿಂಗಳು ಶುಲ್ಕ ನಿಲ್ಲುತ್ತದೆ. ಅದಕ್ಕೇ ದೊಡ್ಡ ಸಾಲ ಬೇಡ ಎನ್ನುವುದು. ಬಿ.ಪಿ. ಯಂತ್ರ, ಚಾಪೆಗಳು, ಗಟ್ಟಿ ಕುರ್ಚಿಗಳು, ಎರಡರಿಂದ ಹತ್ತು ಕಿಲೋವರೆಗಿನ ಡಂಬೆಲ್ಸ್, ರಬ್ಬರ್ ಪಟ್ಟಿಗಳು, ಅಳತೆ ಟೇಪು: ಹಿರಿಯರಿಗೆ ಬೇಕಾದ ವ್ಯಾಯಾಮದ ಬಹುಪಾಲು ಇಷ್ಟರಲ್ಲೇ ಆಗುತ್ತದೆ. 50,000 ರೂಪಾಯಿವರೆಗಿನ ಮುದ್ರಾ ಶಿಶು ಸಾಲದ ಮಿತಿಯೊಳಗೇ ಶುರುಮಾಡಬಹುದು. ಟ್ರೆಡ್‌ಮಿಲ್ ಬೇಡವೇ ಬೇಡ, ಕೆರೆ ಏರಿ ಇದೆ.

ಆದಾಯ ಸಾಲದಾಗ ಪ್ರೋಟೀನ್ ಪೌಡರ್ ಮಾರುವ ಆಸೆ ಬರುತ್ತದೆ. ಪೌಡರ್ ಕಂಪನಿಯ ಕಮಿಷನ್ ಶುಲ್ಕಕ್ಕಿಂತ ಸುಲಭದ ಹಣ. ನಾನು ಇದನ್ನು ಸ್ಪಷ್ಟವಾಗಿ ವಿರೋಧಿಸುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರ ತನ್ನ ಆಹಾರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಪ್ರೋಟೀನ್ ಪೌಡರ್ ಬೇಡ ಎಂದೇ ಹೇಳಿದೆ. ನೂರು ಗ್ರಾಂ ಹುರುಳಿಯಲ್ಲಿ ಇಪ್ಪತ್ತು ಗ್ರಾಮಿಗೂ ಹೆಚ್ಚು ಪ್ರೋಟೀನ್ ಇದೆ, ಕಡಲೆಕಾಯಿಯಲ್ಲಿ ಅದಕ್ಕಿಂತ ಜಾಸ್ತಿ, ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ಮುದ್ದೆ ಸ್ವಲ್ಪ ಚಿಕ್ಕದಾಗಿ, ಹುರುಳಿಕಾಳಿನ ಸಾರು ಸ್ವಲ್ಪ ಗಟ್ಟಿಯಾಗಿ ಆದರೆ ಅರ್ಧ ಕೆಲಸ ಮುಗಿಯಿತು. ಸ್ಟೀರಾಯ್ಡ್ ಚುಚ್ಚುವವನಂತೂ ಟ್ರೇನರ್ ಅಲ್ಲ, ಅಪರಾಧಿ. ಹೃದಯ, ಯಕೃತ್ತು ಎರಡನ್ನೂ ಹಾಳುಮಾಡುವ ಆ ಔಷಧಿಯನ್ನು ಹುಡುಗರಿಗೆ ಕೊಡುವವರನ್ನು ಊರೇ ಹೊರಗಿಡಬೇಕು.

ಕೊನೆಯದಾಗಿ ಹೆಣ್ಣುಮಕ್ಕಳ ವಿಷಯ. ಚಟುವಟಿಕೆಯ ಕೊರತೆ ಹೆಚ್ಚಿರುವುದು ಅವರಲ್ಲಿ, ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದೂ ಅವರಲ್ಲೇ ಹೆಚ್ಚು. ಗಂಡಸು ಕಲಿಸುವಲ್ಲಿಗೆ ನಮ್ಮ ಹಳ್ಳಿಯ ಹೆಂಗಸರು ಬರುವುದು ಕಷ್ಟ. ಆ ಸಂಕೋಚವನ್ನು ದೂಷಿಸಿ ಫಲವಿಲ್ಲ. ಹಾಗಾಗಿ ಈ ಕಸುಬಿನಲ್ಲಿ ಹೆಣ್ಣುಮಗಳೊಬ್ಬಳಿಗೆ ಇರುವಷ್ಟು ಅವಕಾಶ ಗಂಡಿಗಿಲ್ಲ ಎಂದೇ ನನ್ನ ಅಭಿಪ್ರಾಯ. ಸ್ತ್ರೀಶಕ್ತಿ ಸಂಘಗಳು ವಾರಕ್ಕೊಮ್ಮೆ ಹೇಗೂ ಸೇರುತ್ತವೆ. ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ ಮುಕ್ಕಾಲು ಗಂಟೆ ವ್ಯಾಯಾಮ ಮಾಡಿಸಿದರೆ ಅದೇ ಮೊದಲ ತಂಡ. ಮನೆಯಲ್ಲಿ ಅತ್ತೆ, ಗಂಡ ಒಪ್ಪುವುದು ಹೊಸ ಮಾತಿಗಲ್ಲ, ಅಕ್ಕಪಕ್ಕದವರ ಮಂಡಿನೋವು ಇಳಿದದ್ದು ಕಂಡಾಗ. ಜಾವಗಲ್‌ನ ಗ್ರಾಮ ಪಂಚಾಯಿತಿಯವರಲ್ಲೂ ಶಾಲೆಯವರಲ್ಲೂ ನನ್ನ ಕೋರಿಕೆ ಇಷ್ಟೇ: ಬೆಳಗಿನ ಹೊತ್ತು ಖಾಲಿ ಇರುವ ಸಮುದಾಯ ಭವನವನ್ನೋ ಶಾಲೆಯ ಅಂಗಳವನ್ನೋ, ಪ್ರಮಾಣಪತ್ರವೂ ಸಿ.ಪಿ.ಆರ್. ತರಬೇತಿಯೂ ಇರುವ ಸ್ಥಳೀಯ ಹುಡುಗಿ ಅಥವಾ ಹುಡುಗನಿಗೆ ಒಂದು ವರ್ಷ ಬಾಡಿಗೆಯಿಲ್ಲದೆ ಬಿಟ್ಟುಕೊಡಿ. ಬದಲಿಗೆ ವಾರದಲ್ಲಿ ಒಂದು ದಿನ ಊರಿನ ಚಾಲಕರಿಗೂ ಅರವತ್ತು ದಾಟಿದವರಿಗೂ ಬಿ.ಪಿ. ನೋಡಿ, ಉಚಿತವಾಗಿ ವ್ಯಾಯಾಮ ಕಲಿಸುವ ಕರಾರು ಬರೆಸಿಕೊಳ್ಳಿ.